ತಾಂಬೂಲ ಬದಲಾದ ಮೇಲೆ

ನಿಶ್ಚಿತಾರ್ಥ ಮುಗಿದ ಮನೆಯಲ್ಲಿ ಆ ರಾತ್ರಿ ದೀಪ ಬೇಗ ಆರುವುದಿಲ್ಲ. ಬಂದ ನೆಂಟರೆಲ್ಲ ಹೊರಟುಹೋಗಿರುತ್ತಾರೆ. ಹಣ್ಣು, ಹೂವು, ವೀಳೆಯದೆಲೆಗಳ ತಟ್ಟೆಗಳು ಇನ್ನೂ ನಡುಮನೆಯಲ್ಲಿಯೇ ಇರುತ್ತವೆ. ಹುಡುಗಿಯ ತಾಯಿ ಬೀಗರು ಉಡಿಗೆ ಇಟ್ಟ ಸೀರೆಯನ್ನು ಮತ್ತೊಮ್ಮೆ ಬಿಡಿಸಿ ಸೆರಗು ನೋಡುತ್ತಾರೆ. ಹುಡುಗಿ ತನ್ನ ಕೋಣೆಯಲ್ಲಿ ಮೊಬೈಲು ಹಿಡಿದು ಮೆಲುದನಿಯಲ್ಲಿ ಮಾತನಾಡುತ್ತಿರುತ್ತಾಳೆ. ತಂದೆಯವರು ಮಾತ್ರ ಕನ್ನಡಕ ಏರಿಸಿಕೊಂಡು, ಹಳೆಯ ಡೈರಿಯ ಹಿಂಬದಿಯ ಹಾಳೆಯಲ್ಲಿ ಏನನ್ನೋ ಕೂಡುತ್ತ, ಕಳೆಯುತ್ತ, ಮತ್ತೆ ಕೂಡುತ್ತ ಕುಳಿತಿರುತ್ತಾರೆ.

ಮರುದಿನ ಬೆಳಗಾದರೆ ಉಪದೇಶಗಳ ಸುರಿಮಳೆ. ‘ಮೊದಲು ಛತ್ರ ಹಿಡಿಯಿರಿ, ಆಮೇಲೆ ಉಳಿದದ್ದು’ ಎನ್ನುವವರು ಸೋದರಮಾವ. ‘ಅಡುಗೆಯವರು ಸಿಗದಿದ್ದರೆ ಛತ್ರ ಕಟ್ಟಿಕೊಂಡು ಏನು ಮಾಡುತ್ತೀರಿ?’ ಎನ್ನುವವರು ಪಕ್ಕದ ಮನೆಯವರು. ಛಾಯಾಗ್ರಾಹಕ, ಓಲಗ, ಪತ್ರಿಕೆ, ಸೀರೆ, ಒಡವೆ, ಎಲ್ಲವೂ ಮೊದಲೇ ಆಗಬೇಕು. ಹೀಗೆ ಎಲ್ಲವೂ ಮೊದಲಾದಾಗ, ನಿಜವಾಗಿ ಮೊದಲು ಆಗಬೇಕಾದುದೊಂದು ಹಿಂದೆ ಉಳಿಯುತ್ತದೆ. ಅದು ಎರಡು ಮನೆಯವರೂ, ಮದುವೆಯಾಗುವ ಇಬ್ಬರೂ ಒಂದೆಡೆ ಕುಳಿತು ಮನಸ್ಸು ಬಿಚ್ಚಿ ಆಡಬೇಕಾದ ಮಾತು. ಅದಕ್ಕೆ ಹಣ ಬೇಡ, ಪಂಚಾಂಗ ಬೇಡ. ಒಂದು ಭಾನುವಾರದ ಮಧ್ಯಾಹ್ನ ಸಾಕು. ಆದರೆ ಅದು ಮುಂಗಡದ ರಸೀದಿಗಳು ಕೈಸೇರುವ ಮುನ್ನವೇ ನಡೆಯಬೇಕು. ಯಾಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

‘ನಮಗೇನೂ ಬೇಡ’

ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಗಂಡಿನ ಕಡೆಯವರ ಬಾಯಿಂದ ತಪ್ಪದೆ ಬರುವ ವಾಕ್ಯವೊಂದುಂಟು: ‘ನಮಗೇನೂ ಬೇಡಿ. ಮದುವೆ ಚೆನ್ನಾಗಿ ಮಾಡಿಕೊಟ್ಟರೆ ಸಾಕು.’ ಕೇಳುವುದಕ್ಕೆ ಇದಕ್ಕಿಂತ ಹಿತವಾದ ಮಾತಿಲ್ಲ. ಹುಡುಗಿಯ ತಂದೆ ಕೈಮುಗಿದು ‘ಆಗಲಿ’ ಎನ್ನುತ್ತಾರೆ. ಇಡೀ ಮದುವೆಯ ವೆಚ್ಚ ಅಡಗಿ ಕುಳಿತಿರುವುದು ಆ ‘ಚೆನ್ನಾಗಿ’ ಎಂಬ ಒಂದು ಪದದಲ್ಲಿ. ಅದರ ಅರ್ಥವನ್ನು ಯಾವ ನಿಘಂಟೂ ಹೇಳಲಾರದು. ಅವರ ಮನಸ್ಸಿನಲ್ಲಿ ಅದು ಹವಾನಿಯಂತ್ರಿತ ಮಂಟಪ, ಆರತಕ್ಷತೆಗೆ ಎಂಟು ನೂರು ಜನ, ದಿಬ್ಬಣಕ್ಕೆ ಎರಡು ಬಸ್ಸು, ಬೀಗರಿಗೆಲ್ಲ ಹೋಟೆಲಿನಲ್ಲಿ ಕೋಣೆ ಎಂದಿರಬಹುದು. ಇವರ ಮನಸ್ಸಿನಲ್ಲಿ ಅದು ಬಡಾವಣೆಯ ಸಮುದಾಯ ಭವನ, ಬಾಳೆಯೆಲೆಯ ಮೇಲೆ ರುಚಿಯಾದ ಊಟ ಎಂದಿರಬಹುದು. ಇಬ್ಬರೂ ಸಜ್ಜನರೇ, ಇಬ್ಬರೂ ಪ್ರಾಮಾಣಿಕರೇ. ಒಂದು ಪದಕ್ಕೆ ಎರಡು ಅರ್ಥವಿದ್ದುದು ತಿಳಿಯುವ ಹೊತ್ತಿಗೆ ಪತ್ರಿಕೆ ಅಚ್ಚಾಗಿರುತ್ತದೆ.

ನಮ್ಮ ಬೀದಿಯಲ್ಲಿಯೇ ನಡೆದ ಪ್ರಸಂಗವಿದು. ನಿವೃತ್ತ ಉಪಾಧ್ಯಾಯರೊಬ್ಬರ ಎರಡನೆಯ ಮಗಳ ಮದುವೆ. ನಿಶ್ಚಿತಾರ್ಥವಾದ ನಾಲ್ಕನೆಯ ದಿನಕ್ಕೆ ಮಂಟಪಕ್ಕೆ ಮುಂಗಡ ಕೊಟ್ಟರು. ವಾರದೊಳಗೆ ಅಡುಗೆಯವರಿಗೂ ಅಲಂಕಾರದವರಿಗೂ ಕೊಟ್ಟರು. ತಿಂಗಳು ಕಳೆಯಿತು. ಆಗ ಬೀಗರ ಕಡೆಯಿಂದ ಒಂದೊಂದಾಗಿ ಮಾತು ಬರತೊಡಗಿತು. ಮೊದಲು, ‘ನಮ್ಮ ಕಡೆ ಇನ್ನೂರು ಜನ ಹೆಚ್ಚಾಗುತ್ತಾರೆ, ಏನೂ ತಿಳಿಯಬೇಡಿ.’ ಆಮೇಲೆ, ‘ಹುಡುಗನ ಅಕ್ಕಂದಿರಿಗೆ ರೇಷ್ಮೆ ಸೀರೆ ನಮ್ಮಲ್ಲಿ ವಾಡಿಕೆ.’ ಕೊನೆಗೆ, ಹುಡುಗ ಓಡಾಡಲು ಕಾರು ಕೊಳ್ಳಬೇಕೆಂದಿದ್ದಾನೆ ಎಂಬ ಸೂಚನೆ; ಅದು ಕೇಳಿಕೆಯಲ್ಲ, ಬರಿಯ ಸೂಚನೆ! ಮೇಷ್ಟರು ಒಂದಕ್ಕೂ ಇಲ್ಲವೆನ್ನಲಿಲ್ಲ. ಯಾಕೆನ್ನಲಿಲ್ಲವೆಂದು ಅವರ ಗೆಳೆಯರೊಬ್ಬರು ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟೆ: ‘ಮಂಟಪಕ್ಕೆ ಕೊಟ್ಟಾಗಿದೆ, ಊರಿಗೆಲ್ಲ ಹೇಳಿಯಾಗಿದೆ, ಈಗ ಬಾಯಿ ತೆರೆಯುವುದು ಹೇಗೆ?’ ಆ ಮದುವೆಯ ಸಾಲವನ್ನು ಅವರು ಪಿಂಚಣಿಯಿಂದ ತೀರಿಸುತ್ತಿದ್ದಾರೆ.

ಕೊಟ್ಟ ಮುಂಗಡವೇ ಬಾಯಿಗೆ ಬೀಗವಾಗುವುದು ಹೀಗೆ. ಆದ್ದರಿಂದಲೇ ಮಾತು ಮೊದಲು, ರಸೀದಿ ಆಮೇಲೆ ಎಂದದ್ದು. ತೀರ ಕಷ್ಟದ ಕೆಲಸವೇನೂ ಅಲ್ಲ. ‘ಬೀಗರೇ, ನಮ್ಮ ಕೈಲಾದದ್ದು ಇಷ್ಟು. ನಿಮ್ಮ ಕಡೆಯಿಂದ ಮುಹೂರ್ತಕ್ಕೆ ಎಷ್ಟು ಜನ, ಆರತಕ್ಷತೆಗೆ ಎಷ್ಟು ಜನ ಬರುತ್ತಾರೆ? ಯಾವ ಖರ್ಚು ಯಾರದು? ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳೋಣ’ ಎಂದು ಕೇಳಿದರೆ ಮುನಿಯುವ ಬೀಗರು ಆಮೇಲೆ ಯಾವುದಕ್ಕಾದರೂ ಮುನಿಯುವವರೇ. ಉತ್ತರ ಕರ್ನಾಟಕದಲ್ಲಿ ಹಿರಿಯರೆದುರು ‘ಯಾದಿ’ ಮಾಡುವ ವಾಡಿಕೆಯುಂಟು: ಯಾರು ಏನು ಕೊಡತಕ್ಕದ್ದು, ಯಾರು ಏನು ತರತಕ್ಕದ್ದು ಎಂದು ಎಲ್ಲರ ಮುಂದೆ ಪಟ್ಟಿ ಬರೆಯುವುದು. ಅದು ವರದಕ್ಷಿಣೆಯ ಪಟ್ಟಿಯಾಗಿ ಕೆಟ್ಟದ್ದೂ ಉಂಟು. ಆದರೆ ಖರ್ಚನ್ನು ಬಾಯಿಬಿಟ್ಟು ಆಡುವ ಧೈರ್ಯ ಆ ವಾಡಿಕೆಯಲ್ಲಿದೆ. ಮೈಸೂರು ಕಡೆಯ ನಮ್ಮ ಸಂಕೋಚಕ್ಕಿಂತ ಅದೇ ಮೇಲೆಂದು ನನ್ನ ಎಣಿಕೆ.

‘ಹೆಣ್ಣಿನ ಕಡೆಯವರೇ ಎಲ್ಲ ಖರ್ಚು ಮಾಡುವುದು ಅನಾದಿಯಿಂದ ಬಂದ ಸಂಪ್ರದಾಯ’ ಎನ್ನುವವರಿಗೆ ಒಂದು ಮಾತು. ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ ಕೆಲವೇ ತಲೆಮಾರುಗಳ ಹಿಂದೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ‘ತೆರ’ ಕೊಟ್ಟು ಮದುವೆಯಾಗುತ್ತಿದ್ದರು; ಮದುವೆಯ ಚಪ್ಪರ ಏಳುತ್ತಿದ್ದುದೂ ಎಷ್ಟೋ ಕಡೆ ಗಂಡಿನ ಮನೆಯ ಮುಂದೆಯೇ. ತೆರ ಒಳ್ಳೆಯ ಪದ್ಧತಿಯೆಂದು ನಾನು ಹೇಳುತ್ತಿಲ್ಲ. ಖರ್ಚಿನ ಹೊಣೆ ಒಂದೇ ಕಡೆ ಇರಬೇಕೆಂಬುದು ಬ್ರಹ್ಮಲಿಪಿಯೇನಲ್ಲವೆಂದಷ್ಟೇ ಹೇಳುತ್ತಿದ್ದೇನೆ. ಮುಹೂರ್ತದ ಖರ್ಚು ಹೆಣ್ಣಿನವರದು, ಆರತಕ್ಷತೆಯದು ಗಂಡಿನವರದು ಎಂದು ಹಂಚಿಕೊಳ್ಳುವ ಮನೆಗಳು ಈಗ ಉಂಟು. ಒಟ್ಟು ಮೊತ್ತವನ್ನು ಸರಿಸಮವಾಗಿ ಹಂಚಿಕೊಳ್ಳುವವರೂ ಉಂಟು. ಇಬ್ಬರೂ ಸಂಬಳ ತರುವ ಕಾಲದಲ್ಲಿ ವಧೂವರರೇ ಅರ್ಧ ಹೊರೆ ಹೊರುವುದೂ ಅಪರೂಪವಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ವರದಕ್ಷಿಣೆ ನಿಷೇಧ ಕಾಯಿದೆ 1961ರಿಂದ ಜಾರಿಯಲ್ಲಿದೆ. ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ. ಬಾಯಿಬಿಟ್ಟು ಕೇಳುವುದೇ ಪ್ರತ್ಯೇಕ ಅಪರಾಧ, ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವುಂಟು. ಯಾರೂ ಕೇಳದೆ ಪ್ರೀತಿಯಿಂದ ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಹೆಣ್ಣಿನ ಕಡೆಯವರು ಕೊಡುವಂಥದು ವಾಡಿಕೆಯದಾಗಿರಬೇಕು, ಅವರ ಸ್ಥಿತಿಗತಿಗೆ ಮೀರಿರಬಾರದು. ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಅಂಶವಿದೆ. 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೊಂದು, ವರನೊಂದು ಇಟ್ಟಿರಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಕೊಟ್ಟವರು ಸಂಬಂಧಿಕರಾಗಿದ್ದರೆ ಆ ಸಂಬಂಧ, ಕೆಳಗೆ ವಧೂವರರಿಬ್ಬರ ಸಹಿ. ಮದುವೆಮನೆಯ ಗದ್ದಲದಲ್ಲಿ ಇದನ್ನು ಮಾಡಲಾರೆವೆನ್ನಬೇಡಿ. ನಮ್ಮ ಅಜ್ಜಂದಿರು ಮಂಟಪದ ಪಕ್ಕದಲ್ಲಿಯೇ ಒಬ್ಬರನ್ನು ಕೂರಿಸಿ ಮುಯ್ಯಿಯ ಪುಸ್ತಕ ಬರೆಸುತ್ತಿದ್ದರಲ್ಲವೆ?

ತಲೆಯ ಲೆಕ್ಕವಲ್ಲ, ಎಲೆಯ ಲೆಕ್ಕ

ಮುಯ್ಯಿಯ ಮಾತು ಬಂದದ್ದು ಒಳ್ಳೆಯದಾಯಿತು. ಕರೆಯಬೇಕಾದವರ ಪಟ್ಟಿ ಮಾಡುವುದು ಇಷ್ಟೇಕೆ ಕಷ್ಟ ಎಂಬುದರ ಗುಟ್ಟು ಅದರಲ್ಲಿದೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ಮುಯ್ಯಿಯೆಂಬುದು ಊರಿನವರೇ ನಡೆಸುತ್ತಿದ್ದ ಒಂದು ಸಾಲವ್ಯವಸ್ಥೆ. ನಿಮ್ಮ ಮನೆಯ ಮದುವೆಗೆ ನಾನು ಐದು ರೂಪಾಯಿ ಇಟ್ಟರೆ, ನನ್ನ ಮನೆಯ ಮದುವೆಗೆ ನೀವು ಆರು ಇಡಬೇಕು. ಪುಸ್ತಕ ತೆರೆದರೆ ಲೆಕ್ಕ ಸಿಗುತ್ತದೆ. ಮದುವೆ ಮಾಡುವವನ ಕೈಗೆ ಅದೇ ಹೊತ್ತಿಗೆ ಹಣ ಬಂದು ಬೀಳುತ್ತಿತ್ತು. ಈಗ ಪುಸ್ತಕ ಹೋಗಿದೆ, ಹಣ ಹೋಗಿದೆ. ಋಣದ ಭಾವನೆ ಮಾತ್ರ ಉಳಿದಿದೆ. ‘ಅವರ ಮಗನ ಮುಂಜಿಗೆ ಕರೆದಿದ್ದರು, ನಾವು ಕರೆಯದಿದ್ದರೆ ಹೇಗೆ?’ ಎಂಬ ಒಂದು ವಾಕ್ಯ ಪಟ್ಟಿಗೆ ನೂರು ಹೆಸರು ಸೇರಿಸುತ್ತದೆ. ಕಚೇರಿಯಲ್ಲಿ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡಲಾಗದೆ ಇಡೀ ವಿಭಾಗವನ್ನೇ ಕರೆಯುತ್ತೇವೆ.

ಪಟ್ಟಿಯನ್ನು ಮೂರು ಹಾಳೆಗಳಲ್ಲಿ ಬರೆಯುವುದು ಅನುಕೂಲವೆಂದು ಅನುಭವಸ್ಥರು ಹೇಳುತ್ತಾರೆ. ಇವರಿಲ್ಲದೆ ಮದುವೆಯೇ ಇಲ್ಲ ಎನ್ನುವವರದು ಮೊದಲನೆಯದು. ಬಂದರೆ ಸಂತೋಷವೆನ್ನುವವರದು ಎರಡನೆಯದು. ಕರೆಯದಿದ್ದರೆ ಏನೆಂದುಕೊಳ್ಳುತ್ತಾರೋ ಎಂಬ ಭಯದಿಂದ ಸೇರಿದವರದು ಮೂರನೆಯದು. ಮೂರನೆಯ ಹಾಳೆಯೇ ಉದ್ದವಾಗಿರುವುದನ್ನು ಕಂಡು ಯಾರೂ ಅಚ್ಚರಿಪಡಬೇಕಾಗಿಲ್ಲ. ಅದನ್ನೇನು ಮಾಡಬೇಕೆಂಬುದನ್ನು ಆಯಾ ಮನೆಯವರೇ ನಿಶ್ಚಯಿಸಲಿ. ನಿಶ್ಚಯಿಸುವ ಮೊದಲು ಈ ಕೆಳಗಿನ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ.

ಸಾವಿರ ಜನರ ಮದುವೆಯೆಂದಿಟ್ಟುಕೊಳ್ಳೋಣ. ಇದರಲ್ಲಿ ಎರಡೂ ಕಡೆಯ ಮನೆಮಂದಿ, ಹತ್ತಿರದ ನೆಂಟರು 150. ಮಧ್ಯಾಹ್ನದ ಊಟಕ್ಕೆ ಮಾತ್ರ ಬರುವವರು 350. ಸಂಜೆಯ ಆರತಕ್ಷತೆಗೆ ಮಾತ್ರ ಬರುವವರು 500. ಸಾವಿರ ಊಟವೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆ 150 ಜನ ಹಿಂದಿನ ರಾತ್ರಿ ವರಪೂಜೆಯ ಊಟ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಎಂದು ನಾಲ್ಕು ಸಲ ಕೂರುತ್ತಾರೆ. ಅವರದೇ 600 ಎಲೆಯಾಯಿತು. ಒಟ್ಟು 1450. ಸರಾಸರಿ ಎಲೆಗೆ 300 ರೂಪಾಯಿಯಂತೆ ಹಿಡಿದರೆ 4,35,000 ರೂಪಾಯಿ. ಸಾವಿರ ಎಲೆಯ ಅಂದಾಜಿನಲ್ಲಿದ್ದವರಿಗೆ ಇಲ್ಲಿಯೇ 1,35,000 ರೂಪಾಯಿ ಕೊರತೆ ಬೀಳುತ್ತದೆ. ಅಡುಗೆಯವರು ಮೋಸ ಮಾಡಿದರೆಂದು ಆಮೇಲೆ ದೂರುವುದು ಸುಲಭ; ಅವರು ಎಲೆ ಎಣಿಸಿದರು, ನಾವು ತಲೆ ಎಣಿಸಿದೆವು.

ಈ ಲೆಕ್ಕ ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ಮುಹೂರ್ತ ಮುಗಿದೊಡನೆ ಆರತಕ್ಷತೆಯನ್ನೂ ಹಗಲಿನಲ್ಲಿಯೇ ಮುಗಿಸಿದರೆ ಮನೆಮಂದಿಯ ಒಂದು ಹೊತ್ತಿನ 150 ಎಲೆ, ಸಂಜೆಗೆಂದು ಮತ್ತೊಮ್ಮೆ ಮಾಡಿಸುವ ಹೂವಿನ ಅಲಂಕಾರ, ಮಂಟಪದ ಹೆಚ್ಚಿನ ಹೊತ್ತಿನ ಬಾಡಿಗೆ ಎಲ್ಲವೂ ಉಳಿಯುತ್ತವೆ; ಒಬ್ಬ ನೆಂಟನನ್ನೂ ಬಿಡಬೇಕಾಗಿಲ್ಲ. ಸಂಜೆ ಮೂರು ಗಂಟೆಗಳ ಕಾಲ ವೇದಿಕೆಯ ಮೇಲೆ ನಿಂತು ನಗಬೇಕಾದ ವಧೂವರರೂ ನಿಮಗೆ ಮನಸ್ಸಿನಲ್ಲಿಯೇ ನಮಸ್ಕಾರ ಹಾಕುತ್ತಾರೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಧ್ಯಾಪಕರ ತಂಡವೊಂದು ನಗರದ 75 ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ನು ಒಳ್ಳೆಯ ಆಹಾರ ಹಾಳಾಗುತ್ತದೆಂದು ಅಂದಾಜು ಮಾಡಿತ್ತು. 2012ರಲ್ಲಿ ಆ ವರದಿ ಸಾಕಷ್ಟು ಚರ್ಚೆಗೆ ಬಂದಿತು. ಹಾಳಾಗುವುದು ಬರಿಯ ಎಲೆಯ ಮೇಲಿನ ಅನ್ನವಲ್ಲ. ಆ ಎಲೆಗಾಗಿ ಯಾರೋ ಮಾಡಿದ ಸಾಲ ಕೂಡ. 2020ರಲ್ಲಿ ಕೊರೋನಾ ಕಾಲದಲ್ಲಿ ಮದುವೆಗೆ ಐವತ್ತು ಜನಕ್ಕಿಂತ ಹೆಚ್ಚು ಸೇರಬಾರದೆಂದು ಸರ್ಕಾರ ಕಟ್ಟಳೆ ಮಾಡಿದಾಗ ಮನೆಯ ಮುಂದಿನ ಚಪ್ಪರದಲ್ಲಿ, ತಾರಸಿಯ ಮೇಲೆ ಮದುವೆಗಳಾದವು. ಆ ದಂಪತಿಗಳ ಸಂಸಾರದಲ್ಲಿ ಐವತ್ತೇ ಜನ ಬಂದರೆಂಬ ಕಾರಣಕ್ಕೆ ಕೊರತೆಯಾದುದನ್ನು ನಾನು ಕಾಣೆ. ಹಾಗೆಂದು ಎಲ್ಲರೂ ಐವತ್ತಕ್ಕೇ ನಿಲ್ಲಿಸಬೇಕೆಂದು ಹೇಳುವಷ್ಟು ಕಠಿಣನಲ್ಲ ನಾನು. ನಾಲ್ಕು ಜನ ಸೇರಿ ನಕ್ಕು ಉಣ್ಣುವುದರಲ್ಲಿ ಸುಖವಿದೆ. ಹಾಸಿಗೆಯಿದ್ದಷ್ಟು ಕಾಲು ಚಾಚುವವನಿಗೂ ಆ ಸುಖ ದಕ್ಕುತ್ತದೆ.

ಮುಹೂರ್ತ ಮತ್ತು ಮಂಟಪ

ಮಾತು ಮುಗಿದು ಜನರ ಸಂಖ್ಯೆ ನಿಂತ ಮೇಲೆ ಮುಹೂರ್ತದ ಸರದಿ. ಆಷಾಢದಲ್ಲಿಲ್ಲ, ಪಿತೃಪಕ್ಷದಲ್ಲಿಲ್ಲ, ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗಿನ ಧನುರ್ಮಾಸದಲ್ಲಿಲ್ಲ. ಗುರು, ಶುಕ್ರ ಗ್ರಹಗಳು ಸೂರ್ಯನ ಸಮೀಪಕ್ಕೆ ಬಂದು ಕಣ್ಣಿಗೆ ಕಾಣದಿರುವ ಕಾಲವನ್ನು ಮೌಢ್ಯವೆನ್ನುತ್ತಾರೆ, ಆಗಲೂ ಇಲ್ಲ. ಗುರುವಿನದು ಸುಮಾರು ಒಂದು ತಿಂಗಳು. ಶುಕ್ರನದು ಕೆಲವು ಸಲ ವಾರದಲ್ಲಿ ಮುಗಿಯುತ್ತದೆ, ಕೆಲವು ಸಲ ಎರಡು ತಿಂಗಳ ಸಮೀಪ ಹೋಗುತ್ತದೆ. ಇದರ ಮೇಲೆ ಅಧಿಕಮಾಸ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವೆಂದು ಪಂಚಾಂಗ ಹೇಳುತ್ತದೆ. ಶಾಲೆಗಳ ಬೇಸಿಗೆ ರಜೆಯಲ್ಲಿ ಮದುವೆ ಮಾಡಬೇಕೆನ್ನುವವರಿಗೆ ಅಂಥ ವರ್ಷ ರಜೆಯ ಕೊನೆಯ ಭಾಗವೇ ಕೈಬಿಟ್ಟಂತೆ. ಇದೆಲ್ಲವನ್ನೂ ಕಳೆದು, ಉಳಿದುದರಲ್ಲಿ ಭಾನುವಾರವೇ ಬೇಕೆಂದರೆ ಇಡೀ ಊರಿಗೆ ಒಂದೇ ದಿನ ಮದುವೆ. ಮಂಟಪದ ಬಾಡಿಗೆ, ಅಡುಗೆಯವರ ದರ, ಮಲ್ಲಿಗೆಯ ಮೊಳ ಎಲ್ಲವೂ ಗಗನಕ್ಕೇರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದ್ದರಿಂದ ಪುರೋಹಿತರ ಬಳಿ ಹೋದಾಗ ಒಂದೇ ದಿನ ಕೇಳದೆ, ಮೂರು ನಾಲ್ಕು ದಿನಗಳನ್ನು ಬರೆಸಿಕೊಳ್ಳುವುದು ಜಾಣತನ. ಅದರಲ್ಲಿ ವಾರದ ನಡುವಿನ ದಿನವೊಂದಿದ್ದರೆ ಇನ್ನೂ ಲೇಸು. ಹುಡುಗಿಯನ್ನೂ ಹುಡುಗನನ್ನೂ ಕೇಳಿ ದಿನ ಗೊತ್ತುಮಾಡಬೇಕೆಂದು ಬೇರೆ ಹೇಳಬೇಕೆ? ಹೇಳಬೇಕು. ಅವಳಿಗೆ ಪರೀಕ್ಷೆಯಿರುತ್ತದೆ, ಅವನಿಗೆ ರಜೆ ಸಿಗದಿರುತ್ತದೆ. ಹಿರಿಯರಿಗೆ ಪಂಚಾಂಗ ನೆನಪಿರುವಷ್ಟು ಇದು ನೆನಪಿರುವುದಿಲ್ಲ.

ಮಂಟಪ ಹಿಡಿಯಲು ಹೋಗುವವರು ಬಾಡಿಗೆಯೊಂದನ್ನೇ ಕೇಳಿ ಬರುತ್ತಾರೆ. ಬಾಡಿಗೆಯೆಂಬುದು ಮೊದಲನೆಯ ಸಾಲು ಮಾತ್ರ. ವಿದ್ಯುತ್ತಿಗೆ ಮೀಟರಿನ ಲೆಕ್ಕವೇ, ಜನರೇಟರಿನ ಡೀಸೆಲ್ ಯಾರದು, ಶುಚಿಗೊಳಿಸುವವರಿಗೆ ಎಷ್ಟು, ಪಾತ್ರೆ ಸಾಮಾನುಗಳಿಗೆ ಬೇರೆ ಬಾಡಿಗೆಯೇ, ತೆರಿಗೆ ಸೇರಿ ಹೇಳಿದ್ದೇ ಬಿಟ್ಟು ಹೇಳಿದ್ದೇ, ಇವನ್ನೆಲ್ಲ ಕೇಳಿಕೊಳ್ಳಬೇಕು. ಮಂಟಪದವರು ಗೊತ್ತುಮಾಡಿದ ಅಡುಗೆಯವರನ್ನೂ ಅಲಂಕಾರದವರನ್ನೂ ಬಿಟ್ಟು ಹೊರಗಿನವರಿಗೆ ಪ್ರವೇಶವಿಲ್ಲವೆನ್ನುವ ಕಟ್ಟುಪಾಡು ಅನೇಕ ಕಡೆ ಇದೆ; ಕಡಿಮೆ ಬಾಡಿಗೆಯ ಗುಟ್ಟು ಕೆಲವೊಮ್ಮೆ ಅದೇ. ಒಳಗೆ ಹೋಗುವುದು ಎಷ್ಟು ಹೊತ್ತಿಗೆ, ಬಿಡಬೇಕಾದುದು ಎಷ್ಟು ಹೊತ್ತಿಗೆ ಎಂಬುದು ರಸೀದಿಯ ಮೇಲೆ ಇರಲಿ. ಮಹಡಿಯ ಮೇಲಿನ ಊಟದ ಮನೆಗೆ ಲಿಫ್ಟು ಇದೆಯೇ ಎಂದು ನಿಮ್ಮ ಮನೆಯ ಅಜ್ಜಿಯ ಮೊಣಕಾಲನ್ನು ನೆನೆಸಿಕೊಂಡು ನೋಡಿ ಬನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಮದುವೆ ಮುಂದೆ ಹೋದರೆ ಅಥವಾ ನಿಂತರೆ ಮುಂಗಡದಲ್ಲಿ ಎಷ್ಟು ವಾಪಸು ಬರುತ್ತದೆಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆಗೆ ಬೆಲೆಯೆಷ್ಟೆಂದು 2020ರ ಬೇಸಿಗೆಯಲ್ಲಿ ಎಷ್ಟೋ ಮನೆಗಳಿಗೆ ತಿಳಿಯಿತು.

ಅಡುಗೆಯವರೊಡನೆ ಆಡಬೇಕಾದ ಮಾತು ಹೋಳಿಗೆಯೋ ಜಹಾಂಗೀರೋ ಎಂಬುದಲ್ಲ. ಕನಿಷ್ಠ ಎಷ್ಟು ಎಲೆಗೆ ಹಣ ಕೊಡಲೇಬೇಕು, ಅದನ್ನು ಮೀರಿದರೆ ದರವೇನು, ಕೊನೆಯ ಸಂಖ್ಯೆಯನ್ನು ಎಷ್ಟು ದಿನ ಮುಂಚೆ ಹೇಳಬೇಕು, ಇವು ಮೂರು. ಮದುವೆಯ ದಿನ ಪ್ರತಿ ಪಂಕ್ತಿಗೂ ಎಲೆ ಎಣಿಸಲು ನಿಮ್ಮ ಕಡೆಯ ನಂಬಿಕೆಯ ಮನುಷ್ಯನೊಬ್ಬನಿರಲಿ. ಮದುವೆಮನೆಯಲ್ಲಿ ಕೆಲಸವಿಲ್ಲದೆ ಓಡಾಡುವ ಚಿಕ್ಕಪ್ಪಂದಿರಿಗೆ ಇದಕ್ಕಿಂತ ಗೌರವದ ಉದ್ಯೋಗ ದೊರೆಯದು.

ಸೀರೆ, ಒಡವೆಗಳ ವಿಷಯ ನನಗಿಂತ ಮನೆಯ ಹೆಂಗಸರೇ ಚೆನ್ನಾಗಿ ಬಲ್ಲರು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕಿನೊಡನೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯೂ ಇರಬೇಕೆಂಬುದು 2023ರ ಏಪ್ರಿಲ್ 1ರಿಂದ ಬಂದ ನಿಯಮ. ಅದನ್ನು ಬಿಲ್ಲಿನ ಮೇಲೂ ಬರೆಸಿಕೊಳ್ಳಿ. ಕುಪ್ಪಸ ಹೊಲಿಯುವವರು ಹೇಳಿದ ದಿನಕ್ಕೆ ಕೊಡುವುದಿಲ್ಲ. ಇಷ್ಟು ಸಾಕು.

ಸಪ್ತಪದಿಯೂ ಸರ್ಕಾರಿ ಕಾಗದವೂ

ಹುಡುಗ ವಿದೇಶದಲ್ಲಿದ್ದರೆ ನಿಶ್ಚಿತಾರ್ಥದ ಮರುವಾರವೇ ಒಂದು ಪ್ರಶ್ನೆ ಏಳುತ್ತದೆ: ‘ವೀಸಾಕ್ಕೆ ಪ್ರಮಾಣಪತ್ರ ಬೇಕು. ಈಗಲೇ ನೋಂದಣಿ ಮಾಡಿಸಿಬಿಡೋಣ, ಮದುವೆ ಆರು ತಿಂಗಳ ಮೇಲೆ ಸಾವಕಾಶವಾಗಿ ಆಗಲಿ.’ ಇದು ಕಾಣುವಷ್ಟು ಸರಳವಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ, ವಧು ಅಥವಾ ವರನ ಕಡೆಯ ಆಚಾರದಂತೆ ವಿಧಿಗಳು ನಡೆದರೆ ಮಾತ್ರ ಮದುವೆ. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ನೋಂದಣಿಯೆಂಬುದು ನಡೆದ ಮದುವೆಗೆ ಸಾಕ್ಷಿ, ಅದೇ ಮದುವೆಯಲ್ಲ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು: ವಿಧಿಗಳು ನಡೆಯದೆ ಬರಿಯ ಪ್ರಮಾಣಪತ್ರ ಪಡೆದ ಇಬ್ಬರು ದಂಪತಿಗಳೇ ಅಲ್ಲವೆಂದು ತೀರ್ಮಾನಿಸಿತು. ಆದಕಾರಣ ಅವಸರವಿದ್ದವರು ಮನೆಯಲ್ಲಿಯೋ ದೇವಸ್ಥಾನದಲ್ಲಿಯೋ ಹತ್ತು ಜನರ ಮುಂದೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿ ಆಮೇಲೆ ನೋಂದಣಿ ಮಾಡಿಸಬೇಕು. ಇಲ್ಲವೇ 1954ರ ವಿಶೇಷ ವಿವಾಹ ಕಾಯಿದೆಯ ದಾರಿ ಹಿಡಿಯಬೇಕು. ಅಲ್ಲಿ ಪುರೋಹಿತರು ಬೇಡ; ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು, ನೋಟೀಸು ಪ್ರಕಟವಾಗಿ ಮೂವತ್ತು ದಿನ ಕಾಯಬೇಕು, ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಒಂದು ತಿಂಗಳ ರಜೆಯಲ್ಲಿ ಬರುವ ಹುಡುಗನಿಗೆ ಈ ಮೂವತ್ತು ದಿನದ ಲೆಕ್ಕವನ್ನು ಮೊದಲೇ ತಿಳಿಸದಿದ್ದರೆ ವಿಮಾನದ ಟಿಕೆಟ್ಟು ದಂಡ.

ಊರಿನಲ್ಲಿಯೇ ಇರುವವರೂ ನೋಂದಣಿಯನ್ನು ಮುಂದೂಡಬಾರದು. ಕರ್ನಾಟಕದಲ್ಲಿ ಹಿಂದೂ ವಿವಾಹಗಳನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುತ್ತಾರೆ. 2024ರಿಂದ ‘ಕಾವೇರಿ’ ಜಾಲತಾಣದ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ ಸೌಕರ್ಯವೂ ಬಂದಿದೆ. ಲಗ್ನಪತ್ರಿಕೆಯ ಎರಡು ಮೂರು ಪ್ರತಿ, ಧಾರೆಯ ಹೊತ್ತಿನ ಒಂದು ಸ್ಪಷ್ಟವಾದ ಚಿತ್ರ ತೆಗೆದಿಟ್ಟರೆ ಕೆಲಸ ಹಗುರ.

ಇನ್ನು, ಆಡಂಬರವೇ ಬೇಡ, ಆದರೆ ಬರಿಯ ಕಚೇರಿಯ ಸಹಿಯೂ ಸಾಲದು ಎನ್ನುವ ತರುಣರಿದ್ದಾರೆ. ಅವರಿಗೆ ಕುವೆಂಪು ಅವರು ರೂಪಿಸಿಕೊಟ್ಟ ‘ಮಂತ್ರಮಾಂಗಲ್ಯ’ವುಂಟು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲಿಯೇ ಆಯಿತು. ಮುಹೂರ್ತ, ಓಲಗ, ವರದಕ್ಷಿಣೆ ಯಾವುದೂ ಇಲ್ಲದೆ, ಹಿರಿಯರ ಎದುರಿನಲ್ಲಿ ವಧೂವರರು ಅರ್ಥವಾಗುವ ಮಾತಿನಲ್ಲಿ ಪ್ರತಿಜ್ಞೆ ಮಾಡುವ ವಿಧಾನ ಅದು. ಅಂಥ ಮದುವೆಯಾಗುವವರು ಕಾನೂನಿನ ದೃಷ್ಟಿಯಿಂದ ನೋಂದಣಿಯ ಕಡೆಗೂ ಗಮನ ಕೊಡಬೇಕೆಂಬುದು ನನ್ನ ಸೂಚನೆ.

ಇಬ್ಬರ ಮಾತು

ಇಷ್ಟು ಹೊತ್ತು ಬೀಗರ ಮಾತಾಯಿತು. ಮದುವೆಯಾಗುವವರು ಬೇರೆ ಇಬ್ಬರಿದ್ದಾರಲ್ಲ! ನಿಶ್ಚಿತಾರ್ಥಕ್ಕೂ ಧಾರೆಗೂ ನಡುವಿನ ನಾಲ್ಕಾರು ತಿಂಗಳು ನಮ್ಮ ಹಿರಿಯರಿಗೆ ಸಿಕ್ಕದ ಭಾಗ್ಯ. ಅದನ್ನು ಬರಿಯ ‘ಊಟವಾಯಿತೆ?’ ಎಂಬ ಸಂದೇಶಗಳಲ್ಲಿ ಕಳೆಯುವುದು ಸರಿಯಲ್ಲ. ಮದುವೆಯ ಮೇಲೆ ಎಲ್ಲಿರುವುದು, ಅವಳ ಕೆಲಸ ಬೇರೆ ಊರಿನಲ್ಲಿದ್ದರೆ ಏನು ಮಾಡುವುದು, ಅವಳು ತನ್ನ ತಂದೆತಾಯಿಗಳಿಗೆ ಹಣ ಕಳುಹಿಸುತ್ತಿದ್ದರೆ ಅದು ಮುಂದುವರಿಯುತ್ತದೆಯೇ, ಇಬ್ಬರಿಗೂ ಇರುವ ಸಾಲವೆಷ್ಟು, ಆರೋಗ್ಯದ ತೊಂದರೆಯೇನಾದರೂ ಉಂಟೇ, ಈ ಪ್ರಶ್ನೆಗಳನ್ನು ಕೇಳಿಕೊಳ್ಳಲು ನಾಚಬೇಕಾಗಿಲ್ಲ. ಮದುವೆಯ ಖರ್ಚಿನ ವಿಷಯದಲ್ಲಿ ಹುಡುಗನ ಪಾತ್ರ ದೊಡ್ಡದು. ‘ಅಪ್ಪ ಅಮ್ಮ ಹೇಳಿದ್ದು, ನನಗೇನೂ ಗೊತ್ತಿಲ್ಲ’ ಎಂದು ಅವನು ಮರೆಯಲ್ಲಿ ನಿಂತರೆ, ಅವಳು ಆ ಮಾತನ್ನು ಮುಂದಿನ ಮೂವತ್ತು ವರ್ಷ ಕೇಳಬೇಕಾದೀತು. ತನ್ನ ಮನೆಯವರ ಪಟ್ಟಿಯನ್ನು ತಾನೇ ಕುಳಿತು ಮೊಟಕುಗೊಳಿಸುವ ಹುಡುಗ ಸಿಕ್ಕಿದರೆ ಜಾತಕದಲ್ಲಿ ಎರಡು ಗುಣ ಕಡಿಮೆಯಾದರೂ ಚಿಂತೆಯಿಲ್ಲ.

ಆಡಲು ಕಹಿಯಾದ ಮಾತೊಂದನ್ನೂ ಆಡಬೇಕು. ನಿಶ್ಚಿತಾರ್ಥವಾದ ಮಾತ್ರಕ್ಕೆ ಕಾನೂನಿನಲ್ಲಿ ಯಾರೂ ಯಾರಿಗೂ ಗಂಡಹೆಂಡಿರಲ್ಲ. ಮದುವೆಯಾಗಲೇಬೇಕೆಂದು ಯಾವ ನ್ಯಾಯಾಲಯವೂ ಬಲವಂತ ಮಾಡಲಾರದು. ಈ ತಿಂಗಳುಗಳಲ್ಲಿ ಕೇಳಿಕೆಗಳು ಒಂದರ ಮೇಲೊಂದು ಬರತೊಡಗಿದರೆ, ಹುಡುಗಿ ‘ಅಪ್ಪಾ, ಇದು ಬೇಡ’ ಎಂದರೆ, ತಂದೆತಾಯಿಗಳು ಅದನ್ನು ಕೇಳಿಸಿಕೊಳ್ಳಬೇಕು. ‘ಜನ ಏನೆಂದಾರು’ ಎಂಬ ಅಂಜಿಕೆ ಸಹಜ. ಆಡುವ ಜನ ಒಂದು ವಾರ ಆಡುತ್ತಾರೆ. ಆಮೇಲೆ ಅವರಿಗೆ ಬೇರೆ ಮನೆಯ ಸುದ್ದಿ ಸಿಗುತ್ತದೆ. ಮಂಟಪದ ಮುಂಗಡ ಹೋಯಿತೆಂದರೆ ಒಂದಿಷ್ಟು ಹಣ ಹೋಯಿತು. ನಾನು ಮೇಲೆ ಹೇಳಿದ ಮೇಷ್ಟರ ಮಗಳು ಮದುವೆಗೆ ಮುಂಚೆಯೇ ಹಾಗೆಂದಿದ್ದಳಂತೆ. ‘ಪತ್ರಿಕೆ ಅಚ್ಚಾಗಿದೆಯಲ್ಲಮ್ಮ’ ಎಂದರಂತೆ ಅವಳ ತಾಯಿ.

ಈ ಕಾರಣಕ್ಕಾಗಿಯೇ ಪತ್ರಿಕೆಯನ್ನು ಕೊನೆಗಿಡಿ. ಮಂಟಪ, ಅಡುಗೆ ಎಲ್ಲವೂ ಗೊತ್ತಾಗಿ, ಮಾತುಗಳೆಲ್ಲ ಮುಗಿದ ಮೇಲೆ, ಮದುವೆಗೆ ಆರೇಳು ವಾರವಿರುವಾಗ ಅಚ್ಚಿಗೆ ಕೊಟ್ಟರೂ ಹಂಚುವುದಕ್ಕೆ ಬೇಕಾದಷ್ಟು ಸಮಯವುಂಟು. ದೂರದವರಿಗೆ ಈಗ ವಾಟ್ಸ್ಯಾಪಿನಲ್ಲಿಯೇ ಹೋಗುತ್ತದೆ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಸೋದರತ್ತೆಯ ಗಂಡನ ಪದವಿ ಸೇರಿಸಬೇಕೆ ಬೇಡವೆ ಎಂಬ ಯುದ್ಧಗಳು ನಡೆಯಲಿ. ಅವಿಲ್ಲದೆ ಮದುವೆಮನೆಗೆ ಕಳೆಯಿಲ್ಲ. ಕರಡು ಬಂದಾಗ ಎರಡೂ ಮನೆಯವರು ತಾರೀಖು, ವಾರ, ಮುಹೂರ್ತದ ವೇಳೆ, ಮಂಟಪದ ವಿಳಾಸಗಳನ್ನು ಗಟ್ಟಿಯಾಗಿ ಓದಿ ನೋಡಲಿ. ಮೊದಲನೆಯ ಪ್ರತಿ ಮನೆದೇವರ ಮುಂದೆ ಹೋಗುತ್ತದೆ. ಅದಕ್ಕೂ ಮುಂಚೆ ಕರಡನ್ನು ಹುಡುಗಿಯ ಕೈಗೆ ಕೊಡಿ. ಅಚ್ಚಿಗೆ ಕೊಡಬಹುದೆಂದು ಅವಳು ಹೇಳಲಿ.